ಪಿತೃಪಕ್ಷದಲ್ಲಿ ಬೀರು ಸೇರಿದ ಕಡತ

ಮೇಷ್ಟ್ರು ಮಾಡಿದ ತಪ್ಪಿಗೆ ಶಿಕ್ಷೆ ಅನುಭವಿಸಿದವಳು ಕುಣಿಗಲ್ಲಿನ ಸಬೀಹಾ. ಇಂದಿಗೂ ಅನುಭವಿಸುತ್ತಿದ್ದಾಳೆ. ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಕೊಳಚೆ ನೀರಿನ ಶುದ್ಧೀಕರಣ ಕುರಿತು ಸ್ನಾತಕೋತ್ತರ ಪದವಿ ಓದುತ್ತಿದ್ದ ಆ ಹುಡುಗಿ ಪರೀಕ್ಷೆಗಳನ್ನೆಲ್ಲ ಮುಗಿಸಿ, ಕೊನೆಯ ಪ್ರಬಂಧವೊಂದನ್ನು ಮಾತ್ರ ಬಾಕಿ ಉಳಿಸಿಕೊಂಡಿದ್ದಳು. ಈಗ ತಂದೆಯ ಅಂಗಡಿಯಲ್ಲಿ ಆಟೋ ಸೀಟುಗಳಿಗೆ ರೆಕ್ಸಿನ್ ಹೊಲಿಯುತ್ತಾಳೆ. ಮೇಷ್ಟ್ರಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಕ್ಕವು. ಕಳೆದ ತಿಂಗಳು ತೀರಿಕೊಂಡಾಗ ತುಮಕೂರಿನ ಬಟವಾಡಿಯ ಹೆದ್ದಾರಿ ಬದಿಯಲ್ಲಿ ಆಳೆತ್ತರದ ಫ್ಲೆಕ್ಸ್ ಸಿಕ್ಕಿತು. "ನಮ್ಮ ಮಕ್ಕಳಿಗೆ ವಿದೇಶದ ಬಾಗಿಲು ತೆರೆದ ಗುರುವಿಗೆ ನುಡಿನಮನ" ಎಂದು ಅದರ ಮೇಲೆ ಬರೆದಿತ್ತು.

ಫ್ಲೆಕ್ಸ್ ಕಟ್ಟಿಸಿದ ಅವರ ಅಳಿಯ ನನಗೆ ಫೋನ್ ಮಾಡಿದರು. "ಮೇಡಂ, ಮಾವನ ಹತ್ರ ಮೂರ್ ವರ್ಷ ಕೆಲ್ಸ ಮಾಡಿದೀರಾ. ನೆನಪಿನ ಸಂಚಿಕೆಗೆ ಎರಡು ಪೇಜ್ ಬರ್ಕೊಡಿ. ಒಳ್ಳೇದೇ ಬರೀರಿ, ಹೋದೋರ್ ಬಗ್ಗೆ." ನಾನು ಬರೆದು ಕಳುಹಿಸಿದೆ. ಅವರು ಅದನ್ನು ಹಾಕಲಿಲ್ಲ. ಈಗ ಅದಕ್ಕೆ ಇನ್ನಷ್ಟು ಸೇರಿಸಿ ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ಮೇಷ್ಟ್ರ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಹೆಸರು ಗೊತ್ತಾದರೆ ಓದುವವರು ಒಬ್ಬ ಮನುಷ್ಯನನ್ನು ಬೈದು ಪತ್ರಿಕೆ ಮಡಚಿಡುತ್ತಾರೆ. ನನ್ನ ದೂರು ಒಂದು ಕೆಲಸದ ಕ್ರಮದ ಮೇಲೆ, ಆ ಕ್ರಮವನ್ನು ಒಪ್ಪಿಕೊಂಡು ನಡೆದ ಎಲ್ಲರ ಮೇಲೆ. ಆ ಎಲ್ಲರಲ್ಲಿ ನಾನೂ ಇದ್ದೇನೆ. ಸಬೀಹಾಳ ಹೆಸರನ್ನು ಅವಳ ಒಪ್ಪಿಗೆ ಪಡೆದು ಬರೆದಿದ್ದೇನೆ. "ನನ್ ಹೆಸ್ರು ಹಾಕಿ ಅಕ್ಕ, ನಾನೇನು ತಪ್ಪು ಮಾಡಿಲ್ವಲ್ಲ" ಎಂದಳು.

ಮೇಷ್ಟ್ರು ಗುಬ್ಬಿಯವರು. ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಲೆ, ಬಟವಾಡಿಯಲ್ಲಿ ಒಂದು ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ವಿದೇಶಿ ವಿದ್ಯಾಭ್ಯಾಸದ ಸಲಹಾ ಕಚೇರಿ ತೆರೆದರು. ಹೊರದೇಶಕ್ಕೆ ಓದಲು ಹೋಗುವವರ ಅರ್ಜಿ, ವೀಸಾ, ಅಲ್ಲಿಗೆ ಹೋದ ಮೇಲೆ ವಾಸದ ಪರವಾನಗಿಯ ನವೀಕರಣ, ಇವೆಲ್ಲದರ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಡುವುದು ಅಲ್ಲಿನ ಕೆಲಸ. ವೀಸಾ ಒಂದು ದೇಶದ ಒಳಗೆ ಬಿಡುತ್ತದೆ. ಅಲ್ಲಿ ಇರಗೊಡುವುದು ಪರವಾನಗಿ. ಅದರ ಅವಧಿ ತೀರುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಒಂದು ದಿನ ತಡವಾದರೂ ವಿದ್ಯಾರ್ಥಿಯ ಸ್ಥಿತಿಯೇ ಬೇರೆಯಾಗುತ್ತದೆ. ಇದನ್ನು ನನಗೆ ಮೊದಲ ವಾರದಲ್ಲೇ ಹೇಳಿಕೊಟ್ಟವರು ಮೇಷ್ಟ್ರೇ. ಆದ್ದರಿಂದ ಅವರಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ದಿನಾ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದರು. ತೋಳಿನ ಗುಂಡಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಹಣೆಯಲ್ಲಿ ವಿಭೂತಿ. ಕಚೇರಿಗೆ ಬಂದವರೇ ಕೈ ತೊಳೆದು, ಒರೆಸಿಕೊಂಡು, ಆಮೇಲೆ ಕಾಗದ ಮುಟ್ಟುತ್ತಿದ್ದರು. ಕಡತವನ್ನು ತೆರೆಯುವ ಮೊದಲು ಅದರ ಅಂಚನ್ನು ಹೆಬ್ಬೆರಳಿನಿಂದ ಸವರುವರು. ಎಲ್ಲಿಯಾದರೂ ಒಂದು ಹಾಳೆ ಕೂದಲೆಳೆಯಷ್ಟು ಹೊರಗೆ ಚಾಚಿದ್ದರೆ ಇಡೀ ಕಡತವನ್ನು ಮೇಜಿನ ಮೇಲೆ ಕುಕ್ಕುವರು. "ಕಾಗ್ದ ಮಾತಾಡ್ಬೇಕು, ನೀನ್ ಬಾಯ್ಮುಚ್ಕೊಂಡಿರ್ಬೇಕು" ಎನ್ನುವುದು ಅವರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮೊದಲ ಮಾತು. ನನ್ನನ್ನು ಅವರು ಹೆಸರಿನಿಂದ ಕರೆದದ್ದು ಕಡಿಮೆ. ಕಾಲೇಜಿನಲ್ಲಿ ನಾನು ಅವರ ಶಿಷ್ಯೆ. ಅಲ್ಲಿ ಶುಲ್ಕ ಏರಿಕೆಯ ವಿರುದ್ಧ ಧರಣಿ ಕೂತಿದ್ದೆ. ಅಂದಿನಿಂದ ನಾನು 'ಕ್ರಾಂತಿ'. "ಏನಮ್ಮ ಕ್ರಾಂತಿ, ಲ್ಯಾಮಿನೇಷನ್ ಆಯ್ತಾ? ಇಲ್ಲಾ ಅದ್ಕೂ ಮುಷ್ಕರಾನಾ?"

ವಾರಕ್ಕೊಮ್ಮೆ ಅವರು ಅಣಕು ಸಂದರ್ಶನ ನಡೆಸುತ್ತಿದ್ದರು. ತಾವೇ ವೀಸಾ ಅಧಿಕಾರಿಯಾಗಿ ಕೂರುವರು. ಉಳಿದ ವಿದ್ಯಾರ್ಥಿಗಳೆಲ್ಲ ಸುತ್ತ ಕುರ್ಚಿ ಹಾಕಿಕೊಂಡು ನೋಡಬೇಕು. ಊರ್ಡಿಗೆರೆ ಕಡೆಯ ಹುಡುಗನೊಬ್ಬನ ಸರದಿ ನನಗೆ ಚೆನ್ನಾಗಿ ನೆನಪಿದೆ.

"ಯಾಕ್ ಹೋಗ್ತಿದೀಯಾ?"

"ಓದಕ್ಕೆ ಸಾರ್."

"ಇಲ್ಲಿ ಓದಕ್ಕೆ ಏನ್ ರೋಗ ಬಂದಿತ್ತು?"

"ಅಲ್ಲಿ ರಿಸರ್ಚ್ ಚೆನ್ನಾಗೈತೆ ಸಾರ್."

"ಐತೆ! ಇಂಗ್ಲಿಷ್‌ನಲ್ಲೂ ಐತೆ ಅಂತೀಯೇನ್ಲಾ? ನೀನ್ ಹೋದೋನು ವಾಪಸ್ ಬರಲ್ಲ. ಹೋಟ್ಲಲ್ಲಿ ತಟ್ಟೆ ತೊಳ್ಕೊಂಡು ಅಲ್ಲೇ ಇರ್ತೀಯಾ. ರಿಜೆಕ್ಟ್. ಎದ್ದೋಗು."

ಎಂದವರೇ ಅವನ ಅರ್ಜಿಯ ಪ್ರತಿಯ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದರು. ಹುಡುಗ ಎಲ್ಲರ ಮುಂದೆ ಅತ್ತ. ಮೇಷ್ಟ್ರು ಅವನಿಗೆ ಟೀ ತರಿಸಿಕೊಟ್ಟು, "ಇಲ್ ಅತ್ತೋನು ಅಲ್ ಅಳಲ್ಲ ಕಣೋ" ಎಂದು ಬೆನ್ನು ತಟ್ಟಿದರು. ಹಲವರು ಇದನ್ನು ತರಬೇತಿ ಎಂದು ಕರೆಯುತ್ತಾರೆ. ನಾನು ಅವಮಾನ ಎಂದು ಕರೆಯುತ್ತೇನೆ. ಹುಡುಗಿಯರಿಗೆ ಮಾತ್ರ ಅವರು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: "ಮದ್ವೆ ಯಾವಾಗ?" ಹುಡುಗರಿಗೆ ಯಾಕೆ ಕೇಳುವುದಿಲ್ಲ ಸಾರ್ ಎಂದು ನಾನು ಎದ್ದು ನಿಂತೆ. "ಬಂತಪ್ಪ ಕ್ರಾಂತಿ, ಎಲ್ರೂ ಕಾಲ್ ಮೇಲೆತ್ಕೊಳ್ಳಿ" ಎಂದರು. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಅದೇ ಊರ್ಡಿಗೆರೆ ಹುಡುಗನ ತಾಯಿ ಹೆಬ್ಬೆಟ್ಟು ಒತ್ತುವವರು. ಮಗನ ಖರ್ಚು ನೋಡಿಕೊಳ್ಳುತ್ತೇವೆಂದು ಬರೆದುಕೊಡುವ ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಸಾಕಿತ್ತು. ಆದರೆ ಮೇಷ್ಟ್ರು ಆ ತಾಯಿಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ನಿಂತುಕೊಂಡು, ಒಂದಿಡೀ ಮಧ್ಯಾಹ್ನ ಸಹಿ ಮಾಡುವುದನ್ನು ಕಲಿಸಿದರು. "ಮಗ ಫಾರಿನ್ನಿಗೆ ಹೋಗ್ತಾವ್ನೆ, ನೀವ್ ಯಾಕ್ರವ್ವ ಬೆರಳು ಮಸಿ ಮಾಡ್ಕೋಬೇಕು?" ಆಕೆ ಬರೆದ ಮೂರು ವಕ್ರ ಅಕ್ಷರಗಳನ್ನು ನೋಡಿ ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದೇನೆ. ಇದನ್ನು ಮುಚ್ಚಿಟ್ಟರೆ ನಾನೂ ಸುಳ್ಳುಗಾರ್ತಿಯಾಗುತ್ತೇನೆ. ಆದರೆ ಇಂಥ ಒಂದು ಮಧ್ಯಾಹ್ನವನ್ನು ತೋರಿಸಿ ಉಳಿದ ದಿನಗಳನ್ನು ಮನ್ನಾ ಮಾಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ನೆನಪಿನ ಸಂಚಿಕೆಗಳು ಇರುವುದೇ ಅದಕ್ಕಾಗಿ.

ಸಬೀಹಾ ಬಂದದ್ದು ನಾನು ಕೆಲಸಕ್ಕೆ ಸೇರಿದ ವರ್ಷ. ತಂದೆಗೆ ಕುಣಿಗಲ್ ಬಸ್ ನಿಲ್ದಾಣದ ಹತ್ತಿರ ಸೀಟು ಹೊಲಿಯುವ ಅಂಗಡಿ. ಅವಳ ಅಣಕು ಸಂದರ್ಶನದಲ್ಲಿ ಮೇಷ್ಟ್ರು ಎಂದಿನಂತೆ ಶುರು ಮಾಡಿದರು.

"ನಿಮ್ಮಪ್ಪ ಆಟೋ ಸೀಟ್ ಹೊಲೀತಾನೆ. ಮಗಳಿಗೆ ಜರ್ಮನಿ ಬೇಕು. ಇದನ್ನ ಯಾವ ಆಫೀಸರ್ ನಂಬ್ತಾನೆ?"

"ನಂಬ್ದೇ ಇದ್ರೆ ಪರ್ವಾಗಿಲ್ಲ ಸಾರ್. ಅವ್ರ್ ಕುರ್ಚಿ ಹರ್ದಿದ್ರೆ ನಮ್ಮಪ್ಪನ್ ಹತ್ರ ಕಳಿಸ್ಲಿ, ಕೆಲ್ಸ ನೋಡಿ ಆಮೇಲೆ ನಂಬ್ಲಿ."

ಸುತ್ತ ಕೂತವರೆಲ್ಲ ಹೋ ಎಂದರು. ಮೇಷ್ಟ್ರು ಕೂತಿದ್ದ ಕುರ್ಚಿಯ ಹರಿದ ಕೈಯನ್ನೊಮ್ಮೆ ನೋಡಿಕೊಂಡು ಗಟ್ಟಿಯಾಗಿ ನಕ್ಕರು. "ಇವ್ಳು ಪಾಸು. ಇವ್ಳನ್ನ ಕಳ್ಸಕ್ಕೆ ನಾನೇನೂ ಮಾಡ್ಬೇಕಾಗಿಲ್ಲ" ಎಂದರು. ಅವಳ ಮೇಲೆ ಅವರಿಗೆ ಪ್ರೀತಿ ಇತ್ತು. ಹೊಸಬರು ಬಂದಾಗಲೆಲ್ಲ "ನಮ್ ಕುಣಿಗಲ್ ಹುಡ್ಗಿ" ಎಂದು ಅವಳ ಕಥೆ ಹೇಳುತ್ತಿದ್ದರು. ಪ್ರೀತಿ ಇದ್ದವಳಿಗೇ ಹೀಗಾಯಿತು ಎಂಬುದನ್ನು ಓದುಗರು ಗಮನಿಸಬೇಕು.

ಈಗ ಬೀರುವಿನ ವಿಷಯ. ಮೇಷ್ಟ್ರ ಕುರ್ಚಿಯ ಹಿಂದೆ ಒಂದು ಉಕ್ಕಿನ ಬೀರು ಇತ್ತು. ಬೀಗದ ಕೈ ಅವರ ಬಳಿ ಮಾತ್ರ. ಪ್ರತಿ ವರ್ಷ ಪಿತೃಪಕ್ಷದ ಹದಿನೈದು ದಿನ, ಮಹಾಲಯ ಅಮಾವಾಸ್ಯೆ ಕಳೆಯುವವರೆಗೆ, ಕಚೇರಿಯಿಂದ ಒಂದು ಕಾಗದವೂ ಹೊರಗೆ ಹೋಗುತ್ತಿರಲಿಲ್ಲ. ಒಳಗೆ ಬಂದದ್ದನ್ನು ನಾನು ಆವಕ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅವರು ಬೀರುವಿನಲ್ಲಿಟ್ಟು ಬೀಗ ಹಾಕುವರು. ಇದನ್ನು ಮೊದಲು ಕೇಳಿದವರು ವಿದ್ಯಾರ್ಥಿಗಳ ತಂದೆ ತಾಯಿಯರೇ ಅಂತೆ: "ಪಕ್ಷ ಕಳೀಲಿ ಸಾರ್, ಆಮೇಲೆ ಕಳ್ಸಿ." ಒಂದು ವರ್ಷ ಆ ಹದಿನೈದು ದಿನಗಳಲ್ಲಿ ಕಳುಹಿಸಿದ ಎರಡು ಅರ್ಜಿಗಳು ತಿರಸ್ಕೃತವಾದವು. ಅಂದಿನಿಂದ ಅದು ಎಲ್ಲರ ಕಡತಕ್ಕೂ ಅನ್ವಯವಾಗುವ ನಿಯಮವಾಯಿತು. ಯಾರಿಗೂ ಹೇಳದೆ ನಡೆಯುವ ನಿಯಮ.

ಇದೇ ಮೇಷ್ಟ್ರು ಮಠದ ಕಾರ್ಯಕ್ರಮಗಳಲ್ಲಿ ಶರಣರ ಮೇಲೆ ಭಾಷಣ ಮಾಡುತ್ತಿದ್ದರು. ಶರಣರು ತಿಥಿ, ವಾರ, ರಾಹುಕಾಲಗಳನ್ನು ನಂಬಲಿಲ್ಲ, ಶುಭ ಅಶುಭವೆಂಬ ದಿನಗಳೇ ಇಲ್ಲ ಎಂದು ಅವರು ಎದೆ ತಟ್ಟಿ ಹೇಳಿದ್ದನ್ನು ನಾನು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಅಂಥದೊಂದು ಭಾಷಣ ಪಕ್ಷದ ನಡುವೆಯೇ ಇತ್ತು; ಮರುದಿನ ಬೀರು ಹಾಗೇ ಮುಚ್ಚಿತ್ತು. "ಸಾರ್, ನಿನ್ನೆ ಹೇಳಿದ್ದೇನು?" ಎಂದು ಕೇಳಿದೆ.

"ಅದು ಭಾಷ್ಣ ಕಣಮ್ಮ. ಇದು ಮಕ್ಳ ಭವಿಷ್ಯ. ಇದ್ರಲ್ಲಿ ಪ್ರಯೋಗ ಮಾಡ್ತಾರಾ ಯಾರಾದ್ರೂ?"

ಸಬೀಹಾ ಜರ್ಮನಿಗೆ ಹೋಗಿ ಎರಡು ವರ್ಷವಾಗುತ್ತಿತ್ತು; ಅವಳ ಪರವಾನಗಿಯ ಅವಧಿ ತೀರಲು ಎರಡು ವಾರ ಇತ್ತು. ನವೀಕರಣಕ್ಕೆ ಬೇಕಿದ್ದ ಉಳಿದೆಲ್ಲ ಕಾಗದ ಅವಳ ಬಳಿ ಇತ್ತು. ಮಗಳ ಖರ್ಚು ತಾನು ನೋಡಿಕೊಳ್ಳುತ್ತೇನೆಂದು ತಂದೆ ಬರೆದುಕೊಡಬೇಕಾದ ಪ್ರಮಾಣಪತ್ರ, ನೋಟರಿಯ ಮುದ್ರೆಯೊಂದಿಗೆ ಮೂಲಪ್ರತಿಯೇ, ತುಮಕೂರಿನಿಂದ ಹೋಗಬೇಕಿತ್ತು. ಅವಳ ತಂದೆ ಅಂಗಡಿ ಮುಚ್ಚಿ, ಕುಣಿಗಲ್ಲಿನಿಂದ ಬಸ್ಸು ಹತ್ತಿ, ಅದನ್ನು ತಾವೇ ತಂದುಕೊಟ್ಟರು. ಅಂದು ಭಾದ್ರಪದ ಹುಣ್ಣಿಮೆಯ ಮಾರನೆಯ ದಿನ. ನಾನು ಆವಕ ಸಂಖ್ಯೆ ಬರೆದೆ. ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟರು.

"ಸಾರ್, ಇದು ಕಳಿಸ್ಲೇಬೇಕು. ಡೇಟ್ ಹತ್ರ ಇದೆ."

"ಪಕ್ಷ ಬಂದೈತೆ. ಕಳೀಲಿ."

"ಸಾರ್, ಅವ್ರು ಮುಸ್ಲಿಮರು. ಅವರಿಗೆ ಯಾವ ಪಕ್ಷ?"

"ಬೀರು ನಂದಲ್ವೇನಮ್ಮ?"

ನಾನು ಮುಂದಿನ ಲಕೋಟೆಗೆ ಆವಕ ಸಂಖ್ಯೆ ಬರೆಯತೊಡಗಿದೆ. ಈ ಮಾತಿಗೆ ಉತ್ತರ ಕೊಡಬೇಕಿತ್ತು. ಆ ಹುಡುಗಿಯ ಮನೆಯಲ್ಲಿ ಯಾರೂ ಆಚರಿಸದ, ಅವಳ ತಂದೆ ಹೆಸರನ್ನೂ ಕೇಳಿರದ ಹದಿನೈದು ದಿನಗಳು ಅವಳ ಕಾಗದವನ್ನು ಹಿಡಿದಿಟ್ಟವು. ಬೇರೆಯವರ ಪಿತೃಗಳಿಗಾಗಿ ಅವಳು ಕಾದಳು. ಅವಳಿಗೆ ಅದು ಗೊತ್ತೂ ಇರಲಿಲ್ಲ. ಅವಳ ತಂದೆ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಮೇಡಮ್ಮೋರೇ, ಪೇಪರ್ ಹೊಂಟೋಯ್ತಾ?" ಎಂದು ಕೇಳುತ್ತಿದ್ದರು. "ಪ್ರೋಸೆಸ್‌ನಲ್ಲಿದೆ" ಎಂದು ಹೇಳಿದವಳು ನಾನು. ಹಾಗೆ ಹೇಳುವಂತೆ ಮೇಷ್ಟ್ರು ಕಲಿಸಿದ್ದರು ಎಂಬುದು ನಿಜ. ನಾಲಿಗೆ ನನ್ನದು ಎಂಬುದೂ ನಿಜ.

ಇನ್ನೊಂದು ತಪ್ಪನ್ನೂ ದಾಖಲಿಸಬೇಕು. ಕಾಗದ ಬಾರದಿದ್ದರೂ ಅವಧಿಯೊಳಗೆ ಅರ್ಜಿಯೊಂದನ್ನು ಹಾಕಿ, ಪ್ರಮಾಣಪತ್ರವನ್ನು ಆಮೇಲೆ ಸೇರಿಸಬಹುದಿತ್ತು. ಸಬೀಹಾ ಅದನ್ನೇ ಕೇಳಿದಳು. ಮೇಷ್ಟ್ರು ಫೋನಿನಲ್ಲಿ ಗದರಿದರು: "ಅರ್ಧ ಫೈಲ್ ಹಾಕ್ತಾರಾ? ನನ್ ಆಫೀಸಿಂದ ಇದುವರ್ಗೂ ಅರ್ಧ ಫೈಲ್ ಹೋಗಿಲ್ಲ. ಕಾಯಿ." ಅವಳು ಕಾದಳು. ಪಕ್ಷದ ಕೊನೆಯ ದಿನಗಳಲ್ಲಿ ಅವಳ ಪರವಾನಗಿ ತೀರಿತು. ಅಮಾವಾಸ್ಯೆ ಕಳೆದ ಮರುದಿನ ಮೇಷ್ಟ್ರು ಬೀರು ತೆರೆದು, ಲಕೋಟೆಗೆ ವಿಭೂತಿ ಹಚ್ಚಿ, ಕೊರಿಯರ್‌ಗೆ ಕೊಟ್ಟರು. ಅದು ಅವಳ ಕೈ ಸೇರಿ ಅವಳು ಅರ್ಜಿ ಹಾಕುವ ಹೊತ್ತಿಗೆ ಒಂದು ವಾರ ತಡವಾಗಿತ್ತು.

ಜರ್ಮನಿಯ ಪರವಾನಗಿ ಕಚೇರಿ ಅವಳನ್ನು ಹೊರಗೆ ಹಾಕಲಿಲ್ಲ. ಅರ್ಜಿ ತೆಗೆದುಕೊಂಡು, ತೀರ್ಮಾನವಾಗುವವರೆಗೆ ಇರಬಹುದೆಂದು ಒಂದು ತಾತ್ಕಾಲಿಕ ಕಾಗದ ಕೊಟ್ಟಿತು. ಆ ಕಾಗದದಲ್ಲಿ ಮೂರು ಚೌಕಗಳಿರುತ್ತವೆ. ಅವಧಿಯೊಳಗೆ ಅರ್ಜಿ ಹಾಕಿದವರಿಗೆ ಒಂದು ಚೌಕದಲ್ಲಿ ಗುರುತು. ಅವರು ಊರಿಗೆ ಬಂದು ಹೋಗಬಹುದು. ತಡವಾಗಿ ಹಾಕಿದವರಿಗೆ ಬೇರೆ ಚೌಕದಲ್ಲಿ; ಅವರು ಅಲ್ಲೇ ಇರಬೇಕು, ದೇಶ ಬಿಟ್ಟರೆ ಆ ಕಾಗದದಿಂದ ಮರಳಿ ಬರಲಾಗದು. ಉಳಿದಂತೆ ಎರಡೂ ಕಾಗದ ಒಂದೇ ಬಣ್ಣ, ಒಂದೇ ಮುದ್ರೆ.

ಚಳಿಗಾಲದಲ್ಲಿ ಅವಳ ತಾಯಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದಾಯಿತು. ಉಳಿಯುವ ಭರವಸೆಯನ್ನು ವೈದ್ಯರು ಕೊಡಲಿಲ್ಲ. ಸಬೀಹಾ ಆ ಕಾಗದದ ಚಿತ್ರ ಕಳುಹಿಸಿ, ಬರಬಹುದೇ ಎಂದು ಕೇಳಿದಳು. ಅಲ್ಲಿನ ಕಚೇರಿಯಲ್ಲಿ ಕೇಳಲು ಮೂರು ವಾರ ಸರದಿ ಕಾಯಬೇಕಿತ್ತು. ತಾಯಿಗೆ ಮೂರು ವಾರ ಇರಲಿಲ್ಲ. ಮೇಷ್ಟ್ರು ಸ್ಪೀಕರ್ ಹಾಕಿ ಮಾತಾಡಿದರು. ಆ ಮಾತನ್ನು ನಾನು ನನ್ನ ಮೇಜಿನಿಂದ ಕೇಳಿದೆ.

"ಸಾರ್, ಇದ್ರಲ್ಲಿ ಏನೋ ಬೇರೆ ಬಾಕ್ಸಿಗೆ ಟಿಕ್ ಹಾಕಿದಾರೆ. ನಂಗ್ಯಾಕೋ ಡೌಟು."

"ಸೀಲ್ ಐತಾ?"

"ಐತೆ ಸಾರ್."

"ಫೋಟೋ ಐತಾ?"

"ಐತೆ."

"ಇದೇ ಪೇಪರ್ ಇಟ್ಕೊಂಡು ನಮ್ ಎಷ್ಟ್ ಜನ ಹುಡುಗ್ರು ಬಂದ್ ಹೋಗವ್ರೆ. ನಿಮ್ಮಮ್ಮನ್ ನೋಡೋದ್ ಬಿಟ್ಟು ಬಾಕ್ಸ್ ಎಣಿಸ್ತಾ ಕೂತಿದೀಯಲ್ಲ. ಬಾ."

ಮೇಷ್ಟ್ರಿಗೆ ಜರ್ಮನ್ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಗೊತ್ತಿಲ್ಲ ಎಂಬ ಮಾತು ಮೂವತ್ತು ವರ್ಷ ತರಗತಿಯಲ್ಲಿ ನಿಂತವರ ಬಾಯಿಂದ ಬರಲಿಲ್ಲ. ಆ ಒಂದು ಮಾತನ್ನು ಹೇಳಿದ್ದರೆ ಸಬೀಹಾ ಇಂದು ಸ್ನಾತಕೋತ್ತರ ಪದವೀಧರೆ.

ಅವಳು ಬಂದಳು. ತಾಯಿ ಉಳಿದುಕೊಂಡರು. ಮನೆಯಲ್ಲಿ ಸಿಹಿ ಹಂಚಿದರು; ಮೇಷ್ಟ್ರಿಗೂ ಒಂದು ಡಬ್ಬ ಬಂತು. ಹನ್ನೆರಡನೆಯ ದಿನ ಬೆಳಿಗ್ಗೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹೆಣ್ಣುಮಗಳು ಆ ಕಾಗದವನ್ನು ತಿರುಗಿಸಿ ನೋಡಿ, ಯಾರಿಗೋ ಫೋನ್ ಮಾಡಿ, ಸಬೀಹಾಳ ಪೆಟ್ಟಿಗೆಯನ್ನು ತೂಕದ ಪಟ್ಟಿಯಿಂದ ಕೆಳಗಿಳಿಸಿದಳು. ಹೊಸ ವೀಸಾ ಪಡೆಯದೆ ಹತ್ತಿಸುವಂತಿಲ್ಲ. ಹೊಸ ವೀಸಾಕ್ಕೆ ಸಂದರ್ಶನದ ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ವಿಶ್ವವಿದ್ಯಾಲಯದ ದಾಖಲಾತಿ ರದ್ದಾಯಿತು.

ವಿಮಾನ ನಿಲ್ದಾಣದಿಂದ ಮರಳಿದ ಮಾರನೆಯ ದಿನವೇ ತಂದೆ ಮಗಳು ಬಟವಾಡಿಗೆ ಬಂದಿದ್ದರು. ಕಚೇರಿಯಲ್ಲಿ ಹೊಸ ವಿದ್ಯಾರ್ಥಿಗಳು ತುಂಬಿದ್ದರು. ಮೇಷ್ಟ್ರು ಅವರನ್ನು ಒಳಕೋಣೆಗೆ ಕರೆಯಲಿಲ್ಲ. ಎಲ್ಲರೆದುರೇ ಹೇಳಿದರು:

"ಎರಡ್ ವರ್ಷ ಆ ದೇಶದಲ್ಲಿದ್ಯಲ್ಲ, ನಿನ್ ಪೇಪರ್ ನೀನು ಓದೋ ಅಷ್ಟು ಭಾಷೆ ಕಲೀಲಿಲ್ವಾ? ನೋಡ್ರಪ್ಪ, ಹಿಂಗಾಗ್ಬಾರ್ದು ನೀವು."

ಅವಳು ಅಳಲಿಲ್ಲ. "ನಾನ್ ಡೌಟ್ ಇದೆ ಅಂದಿದ್ದೆ ಸಾರ್" ಎಂದಳು. ಅವಳ ತಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಬಿಡಮ್ಮ, ಸಾರ್ ಬೇಜಾರ್ ಮಾಡ್ಕೊತಾರೆ, ಅವರೇ ತಿರ್ಗಾ ಕಳಿಸ್ಬೇಕಲ್ವಾ" ಎಂದರು. ಮೇಷ್ಟ್ರು ಹೊಸ ಅರ್ಜಿಗೆಂದು ಅವಳ ಅಂಕಪಟ್ಟಿಗಳ, ಪದವಿ ಪ್ರಮಾಣಪತ್ರದ ಮೂಲಪ್ರತಿಗಳನ್ನು ಪಡೆದು ಬೀರುವಿನಲ್ಲಿಟ್ಟರು. ನಾನು ಆಗ ಎದ್ದು ನಿಂತು, ಪಕ್ಷದ ಹದಿನೈದು ದಿನ ತಂದೆಯ ಪ್ರಮಾಣಪತ್ರ ಎಲ್ಲಿತ್ತು ಎಂಬುದನ್ನು ತಂದೆ ಮಗಳಿಬ್ಬರಿಗೂ ಹೇಳಿದೆ. ನಾಲ್ಕು ತಿಂಗಳು ತಡವಾಗಿ ಹೇಳಿದೆ. ಆ ತಂದೆ ನನ್ನ ಮುಖವನ್ನೇ ನೋಡುತ್ತಿದ್ದರು. "ನೀವು ಪ್ರೋಸೆಸ್‌ನಲ್ಲಿದೆ ಅಂದ್ರಿ" ಎಂದಷ್ಟೇ ಹೇಳಿದರು. ಅಂದೇ ಕೆಲಸ ಬಿಟ್ಟೆ. ಅದನ್ನು ಶೌರ್ಯವೆಂದು ಯಾರೂ ತಿಳಿಯಬೇಕಾಗಿಲ್ಲ. ಕೆಲಸ ಬಿಟ್ಟ ನನಗೆ ಬೇರೆ ಕೆಲಸ ಸಿಕ್ಕಿತು.

ಕುಣಿಗಲ್ಲಿನ ಅವರ ಮನೆಗೆ ನಾನು ಹೋಗುತ್ತಿರುತ್ತೇನೆ. ಸಬೀಹಾ ಮಾತಾಡುತ್ತಾಳೆ, ತಮಾಷೆಯನ್ನೂ ಮಾಡುತ್ತಾಳೆ. "ಅಕ್ಕ, ಕೊಳಚೆ ನೀರು ಕ್ಲೀನ್ ಮಾಡಕ್ಕೆ ಹೋಗಿದ್ದೆ, ಈಗ ಆಟೋದೋರ್ ಬೆವರು ಕ್ಲೀನ್ ಮಾಡ್ತಿದೀನಿ." ಅವಳ ತಾಯಿ ಮಾತ್ರ ನನ್ನ ಎದುರು ಹೆಚ್ಚು ಹೊತ್ತು ಕೂರುವುದಿಲ್ಲ. ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎದೆಯ ಮೇಲಿನ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ನಾನ್ ಅವತ್ತೇ ಹೋಗ್ಬಿಟ್ಟಿದ್ರೆ, ಅವ್ಳು ಬಂದಿದ್ದಕ್ಕೆ ಒಂದ್ ಕಾರ್ಣ ಆದ್ರೂ ಇರ್ತಿತ್ತು. ಉಳ್ಕೊಂಡು ಅವಳ ಬಾಳ್ ಹಾಳ್ ಮಾಡ್ದೆ." ಬದುಕಿ ಉಳಿದದ್ದಕ್ಕೆ ಒಬ್ಬ ತಾಯಿ ತನ್ನನ್ನೇ ಹಳಿದುಕೊಳ್ಳುವಂತಾದದ್ದು ಒಂದು ಬೀರುವಿನಿಂದ.

ಮೇಷ್ಟ್ರನ್ನು ನಾನು ಕೊನೆಯ ಬಾರಿ ನೋಡಿದ್ದು ಗುಬ್ಬಿಯ ಅವರ ಮನೆಯಲ್ಲಿ. ಕಾಯಿಲೆ ಬಿದ್ದಿದ್ದರು. ಸಬೀಹಾಳ ಮೂಲಪ್ರತಿಗಳು ಇನ್ನೂ ಬಟವಾಡಿಯ ಬೀರುವಿನಲ್ಲೇ ಇದ್ದವು; ಅವನ್ನು ಕೇಳಲು ಹೋಗಿದ್ದೆ. ಗೋಡೆಗೊರಗಿ ಕೂತು, ನನ್ನನ್ನು ಕಂಡು ನಿಜವಾಗಿ ಸಂತೋಷಪಟ್ಟರು.

"ಬಾಮ್ಮ ಕ್ರಾಂತಿ. ಆ ಕುಣಿಗಲ್ ಹುಡ್ಗಿ ಹೋದ್ಳಾ?"

"ಇಲ್ಲ ಸಾರ್. ಇಲ್ಲೇ ಇದಾಳೆ."

ಹೊದಿಕೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಪಶ್ಚಾತ್ತಾಪದ ಮಾತು ಬರುತ್ತದೆ ಎಂದು ನಾನು ಕಾದೆ. ಅವರು ಹೇಳಿದರು: "ನಂದೇ ತಪ್ಪು ಕಣಮ್ಮ. ಅಮಾವಾಸ್ಯೆ ಮಾರ್ನೇ ದಿನಾನೇ ಅವಸ್ರ ಮಾಡಿ ಕಳಿಸ್ಬಿಟ್ಟೆ. ಇನ್ನೆರಡ್ ದಿನ ತಡೀಬೇಕಿತ್ತು."

ನಾನು ಅವರ ಮುಖ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಹುಡುಗಿಗಾಗಿ ನಿಜವಾಗಿ ನೊಂದಿದ್ದರು. ತಾವು ಸಾಕಷ್ಟು ತಡ ಮಾಡಲಿಲ್ಲ ಎಂಬುದು ಅವರ ದುಃಖವಾಗಿತ್ತು. ಆ ದುಃಖದೊಂದಿಗೇ ತೀರಿಕೊಂಡರು. ಇದಕ್ಕಿಂತ ಕ್ರೂರವಾದ ಪ್ರಾಮಾಣಿಕತೆಯನ್ನು ನಾನು ಕಂಡಿಲ್ಲ.

ಸಬೀಹಾಳ ಪ್ರಾಧ್ಯಾಪಕರು ಅವಳನ್ನು ಮರೆತಿಲ್ಲ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಬಂದರೆ ಮರುದಾಖಲಾತಿ ಮಾಡಿಸಿ ಪ್ರಬಂಧ ಬರೆಸುವುದಾಗಿ ಪತ್ರ ಕಳುಹಿಸಿದ್ದಾರೆ. ಕಾದು ಕಾದು ಹೊಸ ವೀಸಾದ ಸಂದರ್ಶನಕ್ಕೆ ದಿನವೂ ಸಿಕ್ಕಿದೆ. ಅಲ್ಲಿ ಮೂಲಪ್ರತಿಗಳನ್ನು ತೋರಿಸಬೇಕು. ಹಿಂದಿನ ಪರವಾನಗಿ ಯಾಕೆ ತೀರಿತು ಎಂಬುದಕ್ಕೆ ಲಿಖಿತ ವಿವರಣೆ ಕೊಡಬೇಕು. ಇದು ಅವಳಿಗಿರುವ ಕೊನೆಯ ಅವಕಾಶ. ಈ ಸೆಮಿಸ್ಟರ್ ಮೀರಿದರೆ ಅವಳು ಮುಗಿಸಿದ ಪರೀಕ್ಷೆಗಳೂ ಲೆಕ್ಕಕ್ಕಿಲ್ಲದಂತಾಗುತ್ತವೆ.

ಹೋದ ವಾರ ನಾವಿಬ್ಬರೂ ಬಟವಾಡಿಗೆ ಹೋದೆವು. ಮೇಷ್ಟ್ರ ಕುರ್ಚಿಯಲ್ಲಿ ಅಳಿಯ ಕೂತಿದ್ದರು. ಮೂಲಪ್ರತಿಗಳು ಅವರ ಮುಂದೆಯೇ ಮೇಜಿನ ಮೇಲಿದ್ದವು. ಅವುಗಳ ಮೇಲೆ ಅವರೇ ಟೈಪ್ ಮಾಡಿಸಿದ ಒಂದು ಹಾಳೆ. "ಪರವಾನಗಿ ತೀರಿದ್ದಕ್ಕೂ ಊರಿಗೆ ಬಂದದ್ದಕ್ಕೂ ನಾನೇ ಹೊಣೆ, ಸಂಸ್ಥೆಯಿಂದ ಯಾವ ವಿಳಂಬವೂ ಆಗಿಲ್ಲ" ಎಂದು ಅದರಲ್ಲಿತ್ತು.

"ಒಂದ್ ಸೈನ್ ಅಷ್ಟೇ. ಹಾಕಿ, ತಗೊಂಡ್ಹೋಗಿ. ಮಾವ ಹೋಗಿ ಇನ್ನೂ ತಿಂಗ್ಳಷ್ಟೇ ಆಗಿದೆ, ಈಗ ಹೆಸರು ಹಾಳ್ ಮಾಡ್ಬೇಡಿ."

"ಅಣ್ಣ, ಇದಕ್ಕೆ ಸೈನ್ ಹಾಕಿದ್ರೆ ನಾನೇ ಬೇಜವಾಬ್ದಾರಿ ಅಂತ ಬರ್ಕೊಟ್ಟಂಗೆ. ಆಮೇಲೆ ವೀಸಾ ಯಾರ್ ಕೊಡ್ತಾರೆ?"

"ಅದು ನಿಮ್ ಹಣೆಬರಹ ಮೇಡಂ."

"ಆವಕ ಪುಸ್ತಕ ತೆಗೀರಿ, ನನ್ನ ಕೈಬರಹದಲ್ಲೇ ಇದೆ" ಎಂದು ನಾನು ಕೇಳಿದೆ. ಹಳೆಯ ಪುಸ್ತಕಗಳು ಸಿಗುತ್ತಿಲ್ಲ ಎಂದರು. ಸಬೀಹಾ ಸಹಿ ಹಾಕಲಿಲ್ಲ. ಮೂಲಪ್ರತಿಗಳು ಅಲ್ಲೇ ಉಳಿದವು.

ಆದ್ದರಿಂದ, ಬಟವಾಡಿಯ ಆ ಕಚೇರಿಯನ್ನು ಈಗ ನಡೆಸುತ್ತಿರುವ ಅಳಿಯನವರೇ, ಈ ಬರಹವನ್ನು ನಿಮಗೆ ಬರೆದ ಪತ್ರವೆಂದು ತಿಳಿಯಿರಿ. ಬೇರೆಯವರ ವಿದ್ಯೆಯ ಮೂಲಪ್ರತಿಗಳನ್ನು ಒತ್ತೆಯಿಟ್ಟುಕೊಂಡು ಸುಳ್ಳಿಗೆ ಸಹಿ ಕೇಳುವುದು ಅಪರಾಧ. ಸಬೀಹಾಳ ಸಂದರ್ಶನ ಮುಂದಿನ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಇದೆ. ಅದರ ಹಿಂದಿನ ಸೋಮವಾರ ಕಚೇರಿ ಮುಚ್ಚುವುದರೊಳಗೆ ಅವಳ ಅಂಕಪಟ್ಟಿಗಳನ್ನೂ ಪದವಿ ಪ್ರಮಾಣಪತ್ರವನ್ನೂ ಯಾವ ಷರತ್ತೂ ಇಲ್ಲದೆ ಅವಳ ಕೈಗೆ ಕೊಡಿ. ಜೊತೆಗೆ ನಿಮ್ಮ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ, ನಿಮ್ಮ ಸಹಿಯೊಂದಿಗೆ, ಎರಡೇ ದಿನಾಂಕಗಳನ್ನು ಬರೆದುಕೊಡಿ: ಅವಳ ತಂದೆಯ ಪ್ರಮಾಣಪತ್ರ ನಿಮ್ಮ ಕಚೇರಿಗೆ ಬಂದ ದಿನ, ಅದು ನಿಮ್ಮ ಕಚೇರಿಯಿಂದ ಹೊರಟ ದಿನ.